ಹನ್ನಳು ಹೊಲಿದ ಚಿಕ್ಕ ನಿಲುವಂಗಿ: ವಯಸ್ಸಾದ ತಾಯಿ ಮತ್ತು ಅವಳ ಮನೆ

ಯೌವನಸ್ಥರ ಕೂಟದ ಸಂದೇಶ
ಓದಬೇಕಾದ ವಾಕ್ಯಭಾಗಗಳು: 1 ಸಮುವೇಲ 1:19–28, 2:18–21, 7:15–17, ಮಾರ್ಕ 7:9–13

ಬೈಬಲ್ ತೆಗೀರಿ. ಮೊಬೈಲಲ್ಲಿ ಓದುವವರು ಮೊಬೈಲಲ್ಲೇ ಓದಿ, ಪರವಾಗಿಲ್ಲ. ವಾಟ್ಸಾಪ್ ಮಾತ್ರ ಒಂದು ಗಂಟೆ ಮುಚ್ಚಿಡಿ.

ಹನ್ನಳು ಅಂದ ಕೂಡಲೇ ನಮ್ಮ ಸಭೆಗಳಲ್ಲಿ ಏನು ನೆನಪಾಗುತ್ತೆ? ಕಣ್ಣೀರಿನ ಪ್ರಾರ್ಥನೆ. ದೇವಾಲಯದಲ್ಲಿ ತುಟಿ ಅಲುಗಾಡುತ್ತಿದೆ, ಶಬ್ದ ಬರ್ತಿಲ್ಲ, ಯಾಜಕನಾದ ಏಲಿ ಅವಳನ್ನು ಕುಡಿದಿದ್ದಾಳೆ ಅಂದುಕೊಂಡ. ಈ ಭಾಗವನ್ನು ಉಪವಾಸ ಕೂಟದಲ್ಲಿ ಎಷ್ಟು ಸಲ ಕೇಳಿದ್ದೀರೋ ಲೆಕ್ಕ ಇಲ್ಲ. ನಾನೇ ಎಷ್ಟೋ ಸಲ ಬೋಧಿಸಿದ್ದೇನೆ. ಪ್ರಾರ್ಥನೆ ಮಾಡಿದಳು, ಗಂಡುಮಗು ಆಯಿತು, ಕೊಟ್ಟ ಹರಕೆಯಂತೆ ದೇವರಿಗೆ ಒಪ್ಪಿಸಿದಳು, ಹಲ್ಲೆಲೂಯ, ಆಮೆನ್, ಅಲ್ಲಿಗೆ ಸಂದೇಶ ಮುಗೀತು. ಆದರೆ ಹನ್ನಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡನೇ ಅಧ್ಯಾಯದ 19ನೇ ವಚನ ನೋಡಿ. ನಾವು ಬೇಗ ದಾಟಿಬಿಡುವ ವಚನ ಅದು. ವರ್ಷವರ್ಷವೂ ಯಜ್ಞಕ್ಕಾಗಿ ಗಂಡನ ಜೊತೆ ಶೀಲೋವಿಗೆ ಹೋಗುವಾಗ ಆ ತಾಯಿ ಒಂದು ಚಿಕ್ಕ ನಿಲುವಂಗಿ ಮಾಡಿಕೊಂಡು ಹೋಗುತ್ತಿದ್ದಳು ಅಂತ ಅಲ್ಲಿ ಬರೆದಿದೆ.

ಈ ಅಂಗಿಯ ಹತ್ತಿರ ಇವತ್ತು ಸ್ವಲ್ಪ ಹೊತ್ತು ನಿಲ್ಲೋಣ.

ಸಮುವೇಲ ಶೀಲೋವಿಗೆ ಬಂದಾಗ ಆಗತಾನೇ ಮೊಲೆ ಬಿಟ್ಟ ಮಗು. ಆ ಕಾಲದಲ್ಲಿ ಮೊಲೆ ಬಿಡಿಸುವುದು ತಡವಾಗುತ್ತಿತ್ತು, ಎರಡು ಮೂರು ವರ್ಷ ಇಟ್ಟುಕೊಳ್ಳಿ. ಅಂಥ ಮಗುವನ್ನು ಬಿಟ್ಟು ತಾಯಿ ರಾಮಾಕ್ಕೆ ವಾಪಸ್ ಹೋದಳು. ಮತ್ತೆ ನೋಡುವುದು ಬರುವ ವರ್ಷ. ಈಗ ಯೋಚನೆ ಮಾಡಿ, ಅಂಗಿ ಹೊಲಿಯಬೇಕು ಅಂದರೆ ಅಳತೆ ಬೇಕಲ್ಲ? ಮಗು ಕಣ್ಣ ಮುಂದೆ ಇಲ್ಲ. ಎಷ್ಟು ಎತ್ತರ ಬೆಳೆದಿರಬಹುದು, ತೋಳು ಎಷ್ಟು ಉದ್ದ ಬಂದಿರಬಹುದು, ಹೋದ ಸಲ ಹೆಗಲ ಹತ್ತಿರ ಬಿಗಿ ಇತ್ತಲ್ಲ, ಈ ಸಲ ಎರಡು ಬೆರಳು ಜಾಸ್ತಿ ಬಿಡೋಣ. ಎಲ್ಲ ಊಹೆ. ಅಂಗಡಿಯಲ್ಲಿ ಬಟ್ಟೆ ತಂದು ಟೈಲರ್‌ಗೆ ಕೊಡುವ ಕಾಲವೂ ಅಲ್ಲ ಅದು. ಕುರಿಯ ಉಣ್ಣೆ ಹಿಂಜಬೇಕು, ನೂಲಬೇಕು, ಮಗ್ಗಕ್ಕೆ ಹಾಕಿ ನೇಯಬೇಕು, ಆಮೇಲೆ ಹೊಲಿಗೆ. ತಿಂಗಳುಗಟ್ಟಲೆ ಕೆಲಸ. ಅಷ್ಟೂ ದಿನ ಅವಳ ಕೈ ಆ ಬಟ್ಟೆಯ ಮೇಲೆ, ಮನಸ್ಸು ಶೀಲೋವಿನಲ್ಲಿ. ಆಮೇಲೆ ದೇವರು ಅವಳಿಗೆ ಇನ್ನೂ ಮೂರು ಗಂಡು, ಎರಡು ಹೆಣ್ಣು ಮಕ್ಕಳನ್ನು ಕೊಟ್ಟನು ಅಂತ 21ನೇ ವಚನ ಹೇಳುತ್ತೆ. ಮನೆ ತುಂಬ ಮಕ್ಕಳು, ಕೈ ತುಂಬ ಕೆಲಸ. ಆದರೂ ದೂರದ ಮಗನ ಅಂಗಿ ನಿಂತುಹೋಯಿತು ಅಂತ ಎಲ್ಲೂ ಬರೆದಿಲ್ಲ.

ನಿಮಗೆ ಇದು ಗೊತ್ತಿಲ್ಲದ ವಿಷಯ ಏನಲ್ಲ. ನಿಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಿ.ಜಿ.ಯಲ್ಲಿ ಇರುವವರು. ಹಾಸನದಿಂದ, ದಾವಣಗೆರೆಯಿಂದ, ರಾಯಚೂರಿನಿಂದ, ಕೋಲಾರದಿಂದ ಬಂದವರು. ಬೆಳಗ್ಗೆ ಐದು ಗಂಟೆಗೆ ಮೆಜೆಸ್ಟಿಕ್‌ನಲ್ಲಿ ಇಳಿಯುವಾಗ ನಿಮ್ಮ ಬ್ಯಾಗ್ ಹೋಗುವಾಗ ಇದ್ದದ್ದಕ್ಕಿಂತ ಭಾರ ಇರುತ್ತೆ, ಯಾಕೆ? ಹಾರ್ಲಿಕ್ಸ್ ಬಾಟಲಿಯಲ್ಲಿ ಉಪ್ಪಿನಕಾಯಿ, ಅದು ಸೋರಬಾರದು ಅಂತ ಮೂರು ಪ್ಲಾಸ್ಟಿಕ್ ಕವರ್, ಮೇಲೊಂದು ರಬ್ಬರ್ ಬ್ಯಾಂಡ್. ಚಟ್ನಿಪುಡಿ. ಉತ್ತರ ಕರ್ನಾಟಕದವರಾದರೆ ಶೇಂಗಾ ಹಿಂಡಿ, ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ. ನೀವು ಬರಲಾಗದಿದ್ದರೆ ಊರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿ, ಬಸ್ ನಂಬರ್ ಹೇಳೋಕೆ ನಾಲ್ಕು ಸಲ ಫೋನ್ ಮಾಡ್ತಾರೆ. ನಾವು ಮೀಟಿಂಗಲ್ಲಿದ್ದೀನಿ ಅಂತ ಕಟ್ ಮಾಡ್ತೀವಿ. ಆ ಡಬ್ಬಿಯ ಒಳಗೂ ಅದೇ ಊಹೆ ಇದೆ: ನನ್ನ ಮಗ ಈಗ ಎಷ್ಟು ತಿನ್ನುತ್ತಾನೋ, ನನ್ನ ಮಗಳಿಗೆ ಇಷ್ಟು ಖಾರ ಈಗಲೂ ಹಿಡಿಸುತ್ತೋ ಇಲ್ಲವೋ.

ಈಗ ಅಂಗಿಯ ಬಗ್ಗೆ ಇನ್ನೊಂದು ವಿಷಯ. ಇಬ್ರಿಯ ಭಾಷೆಯಲ್ಲಿ ಈ ನಿಲುವಂಗಿಗೆ 'ಮೆಯೀಲ್' ಅನ್ನುವ ಶಬ್ದ ಇದೆ. ಅದೇ ಶಬ್ದ ಇದೇ ಪುಸ್ತಕದ 15ನೇ ಅಧ್ಯಾಯದಲ್ಲಿ ಮತ್ತೆ ಬರುತ್ತೆ. ಸೌಲನು ಹಿಡಿದು ಎಳೆದಾಗ ಹರಿದದ್ದು ಮೆಯೀಲ್. 28ನೇ ಅಧ್ಯಾಯದಲ್ಲಿ ಸಮುವೇಲ ಆಗಲೇ ಸತ್ತಿದ್ದಾನೆ. ಎಂದೋರಿನ ಹೆಂಗಸು ಸೌಲನಿಗೆ ತಾನು ಕಂಡದ್ದನ್ನು ಹೇಳುವಾಗ, ಒಬ್ಬ ಮುದುಕ, ಮೆಯೀಲ್ ಹೊದ್ದುಕೊಂಡಿದ್ದಾನೆ ಅನ್ನುತ್ತಾಳೆ. ಅಷ್ಟು ಕೇಳಿದ್ದೇ ಸೌಲನಿಗೆ ಇವನು ಸಮುವೇಲನೇ ಅಂತ ಗೊತ್ತಾಯಿತು. (ಮಾಟಗಾತಿಯ ಹತ್ತಿರ ಹೋದದ್ದು ಸರಿಯೋ, ಬಂದವನು ನಿಜವಾಗಿ ಸಮುವೇಲನೋ ಅನ್ನುವ ಪ್ರಶ್ನೆ ಇವತ್ತು ಬೇಡ. ಅದಕ್ಕೇ ಒಂದು ದಿನ ಬೇಕು.) ನಾನು ಹೇಳಬೇಕಾದದ್ದು ಇಷ್ಟು: ಮೂರು ವರ್ಷದ ಮಗುವಾಗಿದ್ದಾಗ ತಾಯಿ ತೊಡಿಸಿದ ಆ ಬಗೆಯ ಬಟ್ಟೆಯಿಂದಲೇ ಇಸ್ರಾಯೇಲಿನ ದೊಡ್ಡ ಪ್ರವಾದಿಯನ್ನು ಮುದಿವಯಸ್ಸಿನಲ್ಲಿ ಗುರುತಿಸಿದರು. ಅಂಗಿ ಬೇರೆಯಾಗಿತ್ತು, ಸರಿ. ಹನ್ನಳು ಹೊಲಿದದ್ದು ಎಂದೋ ಹರಿದುಹೋಗಿರುತ್ತೆ. ಆದರೆ ಆ ಉಡುಪು ಅವನ ಗುರುತಾಗಿ ಉಳಿಯಿತು.

7ನೇ ಅಧ್ಯಾಯಕ್ಕೆ ಬನ್ನಿ, ಕೊನೆಯ ಮೂರು ವಚನ. ಸಮುವೇಲನ ಸೇವೆ ಎಷ್ಟು ದೊಡ್ಡದಾಗಿತ್ತು ಅಂದರೆ ಪ್ರತಿ ವರ್ಷ ಬೇತೇಲ್, ಗಿಲ್ಗಾಲ್, ಮಿಚ್ಪೆ ಅಂತ ಸುತ್ತು ಹೊಡೆದು ಜನರಿಗೆ ನ್ಯಾಯ ತೀರಿಸುತ್ತಿದ್ದ. ಇವತ್ತಿನ ಭಾಷೆಯಲ್ಲಿ ಕನ್ವೆನ್ಷನ್ ಮೇಲೆ ಕನ್ವೆನ್ಷನ್. ಆ ಸುತ್ತು ಮುಗಿದ ಮೇಲೆ ಎಲ್ಲಿಗೆ ಹೋಗುತ್ತಿದ್ದ? ರಾಮಾಕ್ಕೆ. ಯಾಕೆಂದರೆ ಅವನ ಮನೆ ಅಲ್ಲಿತ್ತು. ರಾಮಾ ಯಾವ ಊರು? ಒಂದನೇ ಅಧ್ಯಾಯದ 19ನೇ ವಚನ ನೋಡಿ, ಎಲ್ಕಾನ ಮತ್ತು ಹನ್ನಳ ಮನೆ ಇದ್ದ ಊರು. ಅವನು ಬೆಳೆದದ್ದು ಶೀಲೋವಿನಲ್ಲಿ, ದೇವರ ಮಂದಿರದಲ್ಲಿ. ರಾಮಾದಲ್ಲಿ ಇದ್ದದ್ದು ಎರಡು ಮೂರು ವರ್ಷ ಅಷ್ಟೇ, ಅದೂ ನೆನಪಿನಲ್ಲಿ ಉಳಿಯದ ವಯಸ್ಸು. ಆದರೂ ಮನೆ ಮಾಡಿದ್ದು ತಾಯಿಯ ಊರಿನಲ್ಲಿ. ಬಲಿಪೀಠ ಕಟ್ಟಿದ್ದೂ ಅಲ್ಲೇ. 25ನೇ ಅಧ್ಯಾಯದಲ್ಲಿ ಅವನನ್ನು ಸಮಾಧಿ ಮಾಡಿದ್ದೂ ಅಲ್ಲೇ. ಆ ಹೊತ್ತಿಗೆ ಹನ್ನಳು ಬದುಕಿದ್ದಳೋ ಇಲ್ಲವೋ ವಾಕ್ಯ ಹೇಳುವುದಿಲ್ಲ, ನಾನೂ ಸೇರಿಸುವುದಿಲ್ಲ. ಆದರೆ ಪ್ರತಿ ವರ್ಷ ಒಬ್ಬ ಹೆಂಗಸು ರಾಮಾದಿಂದ ಶೀಲೋವಿಗೆ ನಡೆದಳು, ಆಮೇಲೆ ಪ್ರತಿ ವರ್ಷ ಅವಳ ಮಗ ರಾಮಾಕ್ಕೆ ವಾಪಸ್ ನಡೆದ. ಇದು ವಾಕ್ಯದಲ್ಲೇ ಇದೆ.

ನೆನಪು ಅಂದರೆ ಏನು?

ನಾವು ನೆನಪು ಅನ್ನುವುದನ್ನು ಮನಸ್ಸಿನ ಒಳಗಿನ ಸಂಗತಿ ಮಾಡಿಕೊಂಡಿದ್ದೇವೆ. ಹಳೇ ಫೋಟೋ ನೋಡಿ ಕಣ್ಣು ಒದ್ದೆಯಾದರೆ ನೆನಪು. ಸ್ಟೇಟಸ್ ಹಾಕಿದರೆ ನೆನಪು. ಬೈಬಲ್ಲಿನಲ್ಲಿ ಹಾಗಲ್ಲ. ಕರ್ತನು ಹನ್ನಳನ್ನು ನೆನಪಿಸಿಕೊಂಡನು ಅಂತ 1:19ರಲ್ಲಿ ಇದೆಯಲ್ಲಾ, ಮುಂದಿನ ವಚನದಲ್ಲೇ ಅವಳ ಕೈಯಲ್ಲಿ ಮಗು ಇದೆ. ಆದಿಕಾಂಡ 8:1ರಲ್ಲಿ ದೇವರು ನೋಹನನ್ನು ನೆನಪಿಸಿಕೊಂಡ ಕೂಡಲೇ ಗಾಳಿ ಬೀಸಿತು, ನೀರು ಇಳಿಯಿತು. ದೇವರ ನೆನಪಿನ ಹಿಂದೆಯೇ ಒಂದು ಕೆಲಸ ಬರುತ್ತೆ. ಹಾಗಾದರೆ ಅಮ್ಮನ ನೆನಪು ಬರುತ್ತೆ ಅಂತ ನಾವು ಹೇಳುವಾಗ, ಅದರ ಹಿಂದೆ ಏನು ಬರುತ್ತೆ?

ಪ್ರತಿ ಮೇ ತಿಂಗಳ ಎರಡನೇ ಭಾನುವಾರ ನಿಮ್ಮ ಸ್ಟೇಟಸ್ ಎಲ್ಲ ನಾನು ನೋಡ್ತೇನೆ. ಅದು ಶುರುವಾದದ್ದು ಒಂದು ಚರ್ಚಿನಲ್ಲಿ, ಗೊತ್ತಾ? ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಗ್ರಾಫ್ಟನ್ ಅಂತ ಒಂದು ಊರು. ಅಲ್ಲಿನ ಮೆಥೊಡಿಸ್ಟ್ ಸಭೆಯಲ್ಲಿ ಆನ್ ರೀವ್ಸ್ ಜಾರ್ವಿಸ್ ಎಂಬ ತಾಯಿ ವರ್ಷಗಟ್ಟಲೆ ಸಂಡೇ ಸ್ಕೂಲ್ ಕಲಿಸಿದ್ದರು. 1905ರ ಮೇ 9ರಂದು ತೀರಿಕೊಂಡರು. ಅವರ ಮಗಳು ಆನಾ ಜಾರ್ವಿಸ್ 1908ರ ಮೇ 10ರಂದು ಅದೇ ಸಭೆಯಲ್ಲಿ ತಾಯಿಯ ನೆನಪಿಗೆ ಆರಾಧನೆ ಏರ್ಪಡಿಸಿ, ತಾಯಿಗೆ ಇಷ್ಟವಾಗಿದ್ದ ಬಿಳಿ ಕಾರ್ನೇಷನ್ ಹೂ 500 ಕಳಿಸಿಕೊಟ್ಟರು. 1914ರಲ್ಲಿ ಅಧ್ಯಕ್ಷ ವಿಲ್ಸನ್ ಅದನ್ನು ಇಡೀ ದೇಶದ ದಿನವಾಗಿ ಘೋಷಿಸಿದರು. ಆಮೇಲೆ ಏನಾಯಿತು? ಹೂವಿನ ವ್ಯಾಪಾರಿಗಳು, ಕಾರ್ಡ್ ಮಾಡುವವರು, ಮಿಠಾಯಿ ಕಂಪನಿಯವರು ಬಂದರು. ಅದನ್ನು ಶುರುಮಾಡಿದ ಆನಾ ತಮ್ಮ ಉಳಿದ ಆಯುಸ್ಸನ್ನು ಆ ವ್ಯಾಪಾರದ ವಿರುದ್ಧ ಹೋರಾಡಿ ಕಳೆದರು. ಅಮ್ಮನಿಗೆ ಕೈಯಾರೆ ಕಾಗದ ಬರೆಯಲು ಸೋಮಾರಿಯಾದವರು ಅಚ್ಚಾದ ಕಾರ್ಡ್ ಕೊಳ್ಳುತ್ತಾರೆ ಅನ್ನುವುದು ಅವರ ಸಿಟ್ಟು. 1948ರಲ್ಲಿ ಒಂದು ಆರೈಕೆ ಮನೆಯಲ್ಲಿ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ.

ಆನಾ ಒಂದು ವಿಷಯದಲ್ಲಿ ಬಹಳ ಹಟ ಹಿಡಿದಿದ್ದರು. ಇಂಗ್ಲಿಷಿನಲ್ಲಿ ಆ ದಿನದ ಹೆಸರು ಏಕವಚನದಲ್ಲೇ ಇರಬೇಕು, ಪ್ರತಿಯೊಬ್ಬರೂ ತಮ್ಮ ಒಬ್ಬ ತಾಯಿಯನ್ನು ನೆನೆಯಬೇಕು, ಲೋಕದ ತಾಯಂದಿರನ್ನೆಲ್ಲ ಒಟ್ಟಿಗೆ ಹೊಗಳುವ ದಿನ ಅದಲ್ಲ ಅಂತ. ನಾವು ಕನ್ನಡದಲ್ಲಿ 'ತಾಯಂದಿರ ದಿನ' ಮಾಡಿಬಿಟ್ಟಿದ್ದೇವೆ. ಬಹುವಚನದಲ್ಲಿ ಹೊಗಳುವುದು ಸುಲಭ. ತಾಯಿ ದೇವರು, ತಾಯಿ ತ್ಯಾಗಮಯಿ, ಎಲ್ಲರೂ ಆಮೆನ್. ಆದರೆ ನಿಮ್ಮ ತಾಯಿಗೆ ಎಡಗಿವಿ ಕೇಳಿಸುವುದಿಲ್ಲ, ಅದಕ್ಕೆ ಫೋನನ್ನು ಬಲಗಿವಿಗೆ ಇಟ್ಟುಕೊಳ್ಳುತ್ತಾರೆ, ಇದು ನಿಮಗೆ ಗೊತ್ತಾ? ಏಕವಚನದಲ್ಲಿ ಪ್ರೀತಿ ಅಂದರೆ ಹೀಗಿರುತ್ತೆ.

ನನ್ನ ತಾಯಿಯ ವಿಷಯ ಸ್ವಲ್ಪ ಹೇಳ್ತೇನೆ. ಅವರಿಗೆ ಈಗ 78 ವರ್ಷ. ತರೀಕೆರೆ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಹಂಚಿನ ಮನೆ. ಕಾವಿ ನೆಲ, ನಡುಮನೆಯಲ್ಲಿ ಅದು ಕಾಲು ತಾಗಿ ತಾಗಿ ಕಪ್ಪಗೆ ಹೊಳೆಯುತ್ತಿತ್ತು. ಬಚ್ಚಲಲ್ಲಿ ತಾಮ್ರದ ಹಂಡೆ, ಅದರ ಕೆಳಗಿನ ಒಲೆಗೆ ಅಡಿಕೆ ಹಾಳೆ, ಸೋಗೆ. ಬೆಳಗ್ಗೆ ನಾಲ್ಕೂವರೆಗೆ ಅಮ್ಮ ಆ ಒಲೆ ಹಚ್ಚುವಾಗ ಪ್ರಾರ್ಥನೆ ಮಾಡುತ್ತಿದ್ದರು. ಮೊಣಕಾಲೂರಿ ಕೂತು ಅಲ್ಲ, ಅಷ್ಟು ಪುರಸೊತ್ತು ಎಲ್ಲಿ? ಊದುಕೊಳವೆಯಲ್ಲಿ ಊದುವುದು, ಒಂದು ಮಾತು ಕರ್ತನ ಹತ್ತಿರ, ಮತ್ತೆ ಊದುವುದು. ಗೋಡೆಯ ಆಚೆ ಮಲಗಿದ್ದ ನಮ್ಮ ಐದು ಜನರ ಹೆಸರು ವಯಸ್ಸಿನ ಪ್ರಕಾರ ಬರ್ತಿತ್ತು. ನನ್ನದು ನಾಲ್ಕನೆಯದು. ಹೊದಿಕೆ ಒಳಗಿಂದ ನಾನು ಎಣಿಸುತ್ತಿದ್ದೆ. ಪರೀಕ್ಷೆ ಹತ್ತಿರ ಬಂದರೆ ನನ್ನ ಹೆಸರಿನ ಮುಂದೆ ಒಂದೆರಡು ಮಾತು ಜಾಸ್ತಿ ಇರ್ತಿತ್ತು.

ರಾತ್ರಿ ಅಕ್ಕಿ ಅಳೆಯುವಾಗ ಅಮ್ಮ ಎಲ್ಲರಿಗೂ ಬೇಕಾದಷ್ಟು ಹಾಕಿ, ಮೇಲೆ ಒಂದು ಪಾವು ಹಾಕೋರು. ಯಾರಿಗಮ್ಮ ಅಂದರೆ, "ಬರೋರಿಗೆ" ಅನ್ನೋರು. ಯಾರು ಬರೋರು? ಗೊತ್ತಿಲ್ಲ. ಎಷ್ಟೋ ರಾತ್ರಿ ಯಾರೂ ಬರುತ್ತಿರಲಿಲ್ಲ, ಬೆಳಗ್ಗೆ ನಮಗೆ ಚಿತ್ರಾನ್ನ. ಆದರೆ ಬಸ್ ತಪ್ಪಿದ ಸೇವಕರು, ದನದ ಸಂತೆಯಿಂದ ಬಂದವರು, ಗಂಡನ ಹತ್ತಿರ ಜಗಳ ಮಾಡಿ ಮಗು ಎತ್ತಿಕೊಂಡು ಬಂದ ಪಕ್ಕದ ಬೀದಿಯ ಅಕ್ಕ, ಯಾರು ಬಂದರೂ "ಇರಿ, ಮಾಡ್ತೀನಿ" ಅನ್ನುವ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ. ಊಟ ಆಗಲೇ ಇತ್ತು. ಅತಿಥಿಸತ್ಕಾರದ ಮೇಲೆ ನಾನು ಬೈಬಲ್ ಕಾಲೇಜಿನಲ್ಲಿ ಓದಿದ್ದು ಏನೂ ನೆನಪಿಲ್ಲ. ಆ ಒಂದು ಪಾವು ನೆನಪಿದೆ.

ತಿಮೊಥೆಯನಿಗೆ ಪೌಲನು ಬರೆದ ಎರಡನೇ ಪತ್ರಿಕೆಯ 1:5 ಓದಿ. ಸೆರೆಮನೆಯಲ್ಲಿ ಕೂತಿರುವ ಪೌಲನಿಗೆ ತಿಮೊಥೆಯನ ನಂಬಿಕೆಯ ಜೊತೆಗೇ ಅವನ ಅಜ್ಜಿ ಲೋವಿ, ತಾಯಿ ಯೂನಿಕೆ, ಇಬ್ಬರ ಹೆಸರೂ ನೆನಪಾಗುತ್ತೆ. ನಂಬಿಕೆ ಅವರಲ್ಲಿ ವಾಸ ಮಾಡುತ್ತಿತ್ತು ಅನ್ನುವ ಅರ್ಥದ ಶಬ್ದ ಹಾಕುತ್ತಾನೆ. ವಾಸ ಮಾಡುವುದು ಅಂದರೆ ಮನೆ ಮಾಡಿಕೊಂಡು ಇರುವುದು. ಬಂದು ಹೋಗುವ ನೆಂಟರ ಹಾಗಲ್ಲ. ತಿಮೊಥೆಯನ ತಂದೆ ಗ್ರೀಕನು, ಆ ಮನೆಯಲ್ಲಿ ಎಲ್ಲವೂ ಸಲೀಸಾಗಿ ಇದ್ದಿರಲಿಕ್ಕಿಲ್ಲ. ಆ ಇಬ್ಬರು ಹೆಂಗಸರು ಒಂದಾದರೂ ಪ್ರಸಂಗ ಮಾಡಿದ ದಾಖಲೆ ಇಲ್ಲ. ಮಗುವಾಗಿದ್ದಾಗಿನಿಂದ ಅವನಿಗೆ ಪವಿತ್ರ ಬರಹಗಳು ಗೊತ್ತಿದ್ದವು ಅಂತ ಮಾತ್ರ 3:15ರಲ್ಲಿ ಇದೆ. ಆದರೂ ಪೌಲನು ಹೆಸರು ಹಿಡಿದು ಅವರನ್ನು ಬರೆದಿಟ್ಟ.

ಕೆಲವರು ಕೂಟ ಆದ ಮೇಲೆ ನನ್ನ ಹತ್ತಿರ ಬಂದು ಕೇಳುತ್ತಾರೆ, "ಪಾಸ್ಟರ್, ನಮ್ಮಮ್ಮ ವಿಶ್ವಾಸಿ ಅಲ್ವಲ್ಲ, ನಾನೊಬ್ಬನೇ ಬಂದವನು, ನನಗೆ ಇದು ಹೇಗೆ ಅನ್ವಯ?" ತಮ್ಮಾ, ತಂಗೀ, ಐದನೇ ಆಜ್ಞೆ ಇನ್ನೊಮ್ಮೆ ಓದು. ತಾಯಿ ವಿಶ್ವಾಸಿಯಾಗಿದ್ದರೆ ಮಾತ್ರ ಅಂತ ಅಲ್ಲಿ ಇಲ್ಲ. ಆ ತಾಯಿ ಹಬ್ಬದ ದಿನ ನಿನಗೆ ಅಂತ ಎತ್ತಿಟ್ಟ ಹೋಳಿಗೆಯಲ್ಲಿ ನಿನ್ನ ಮೇಲಿನ ಪ್ರೀತಿ ಇದೆ. ನೀನು ಸಭೆಗೆ ಸೇರಿದ ಮೇಲೆ ಅವರ ಮನಸ್ಸಿಗೆ ಒಂದು ಭಯ ಬಂದಿದೆ: ನನ್ನ ಮಗ ಇನ್ನು ನನ್ನವನಲ್ಲ ಅಂತ. ಆ ಭಯ ಹೋಗುವುದು ವಾದದಿಂದ ಅಲ್ಲ. ಹೋಗಿ ಅವರ ಹತ್ತಿರ ಕೂತುಕೋ. ಆಸ್ಪತ್ರೆಗೆ ಕರೆದುಕೊಂಡು ಹೋಗು. ಅವರು ನಿನ್ನನ್ನು ಹೇಗೆ ಸಾಕಿದರು ಅನ್ನುವುದನ್ನು ನಿನ್ನ ಸಾಕ್ಷಿಯಲ್ಲಿ ಹೇಳು. ಕೆಲವರು ಸಾಕ್ಷಿ ಹೇಳುವಾಗ ಯೇಸುವಿನ ಹತ್ತಿರ ಬರುವ ಮುಂಚಿನದ್ದೆಲ್ಲ ಬರೀ ಕತ್ತಲೆ ಅನ್ನುತ್ತಾರೆ. ಕತ್ತಲೆಯಲ್ಲಿ ನಿನಗೆ ಊಟ ಹಾಕಿದ್ದು ಯಾರು?

ಇನ್ನು ಕೆಲವರಿಗೆ ಮನೆ ಪ್ರೀತಿಯ ಜಾಗ ಆಗಿರಲಿಲ್ಲ, ಅದೂ ನನಗೆ ಗೊತ್ತು. ಅಂಥವರು ಈ ಸಂದೇಶವನ್ನು ಹೊರೆಯಾಗಿ ಹೊತ್ತುಕೊಂಡು ಹೋಗಬೇಡಿ. ಪ್ರತ್ಯೇಕವಾಗಿ ಬಂದು ಮಾತಾಡಿ. ನಿಮ್ಮನ್ನು ಮಗುವಿನ ಹಾಗೆ ನೋಡಿಕೊಂಡ ಅಜ್ಜಿಯೋ, ದೊಡ್ಡಮ್ಮನೋ, ಹಾಸ್ಟೆಲ್ಲಿನ ಅಡುಗೆಯ ಅಕ್ಕನೋ ಒಬ್ಬರು ಇದ್ದೇ ಇರುತ್ತಾರೆ. ಅವರಿಂದ ಶುರು ಮಾಡೋಣ.

ಕೊರ್ಬಾನ್

ಈಗ ಮಾರ್ಕ 7. ಇದನ್ನು ಹೇಳದೆ ಹೋದರೆ ನಾನು ನನ್ನ ಕೆಲಸ ಮಾಡಿದ ಹಾಗಾಗಲಿಲ್ಲ.

ಫರಿಸಾಯರು ಒಂದು ದಾರಿ ಕಂಡುಕೊಂಡಿದ್ದರು. ತಂದೆತಾಯಿಗೆ ಕೊಡಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು, ಅಂತ ಹೇಳಿಬಿಟ್ಟರೆ ಆಯಿತು, ಆಮೇಲೆ ಅವರಿಗೆ ಏನೂ ಕೊಡಬೇಕಾಗಿಲ್ಲ. ಕೇಳುವುದಕ್ಕೆ ಎಷ್ಟು ಆತ್ಮಿಕವಾಗಿದೆ ನೋಡಿ! ಯೇಸು ಅದನ್ನು ದೇವರ ವಾಕ್ಯವನ್ನೇ ರದ್ದು ಮಾಡುವ ಕೆಲಸ ಅಂದರು.

ನಮ್ಮ ಕಾಲದ ಕೊರ್ಬಾನ್ ಯಾವುದು? ಶನಿವಾರ ಯೌವನಸ್ಥರ ಕೂಟ, ಭಾನುವಾರ ಎರಡು ಆರಾಧನೆ, ವಾದ್ಯತಂಡದ ಅಭ್ಯಾಸ, ಶುಕ್ರವಾರ ರಾತ್ರಿ ಪ್ರಾರ್ಥನೆ, ಎರಡನೇ ಶನಿವಾರ ಸುವಾರ್ತೆ. ಊರಿಗೆ ಹೋಗಿ ಎಂಟು ತಿಂಗಳಾಯಿತು. ಯಾಕೆ ಹೋಗಲಿಲ್ಲ ಅಂದರೆ, "ಸೇವೆ ಇತ್ತು ಪಾಸ್ಟರ್." ಅಮ್ಮ ಕೇಳಿದರೂ ಅದೇ ಉತ್ತರ, ಅವರು ಪಾಪ ದೇವರ ಕೆಲಸ ಅಲ್ವಾ ಅಂತ ಸುಮ್ಮನಾಗುತ್ತಾರೆ. ಸಭೆಯ ಹೆಸರು ಹೇಳಿ ತಾಯಿಯ ಬಾಯಿ ಮುಚ್ಚಿಸಬೇಡಿ. ಈ ಸಭೆಯ ಕುರುಬನಾಗಿ ಹೇಳ್ತಿದ್ದೇನೆ, ಅಂಥ ಸೇವೆ ಈ ವೇದಿಕೆಗೆ ಬೇಕಾಗಿಲ್ಲ. ಡ್ರಮ್ಸ್ ಇಲ್ಲದೆ ಒಂದು ಭಾನುವಾರ ಹಾಡಿದರೆ ಕರ್ತನು ಇಳಿದು ಬರುವುದಿಲ್ಲವಾ?

ಹಣದ ವಿಷಯವೂ ಹೇಳಿಬಿಡುತ್ತೇನೆ. ಅಮ್ಮನ ಬಿ.ಪಿ. ಮಾತ್ರೆಗೆ, ಕಣ್ಣಿನ ಪೊರೆಯ ಆಪರೇಷನ್‌ಗೆ ಹೋಗಬೇಕಾದ ದುಡ್ಡನ್ನು ಕಾಣಿಕೆ ಕವರಿನಲ್ಲಿ ಹಾಕಿ ತರಬೇಡಿ. 1 ತಿಮೊಥೆಯ 5ರಲ್ಲಿ ಪೌಲನು ವಿಧವೆಯರ ಬಗ್ಗೆ ಮಾತಾಡುವಾಗ, ಮಕ್ಕಳು ಮೊಮ್ಮಕ್ಕಳು ಇದ್ದರೆ ಮೊದಲು ಅವರು ಮನೆಯಲ್ಲೇ ಭಕ್ತಿ ಕಲಿಯಲಿ ಅನ್ನುತ್ತಾನೆ. ಭಕ್ತಿ ಅನ್ನುವ ಶಬ್ದವನ್ನು ಅವನು ಹಾಕಿದ್ದು ಎಲ್ಲಿ ನೋಡಿ. ನಮ್ಮ ದೇಶದ ಕಾನೂನು ಕೂಡ ಇದನ್ನು ಹೇಳುತ್ತೆ. 2007ರಲ್ಲಿ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಬಂದಿದೆ, ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೇಳಲು ತಾಯಿಗೆ ಹಕ್ಕಿದೆ. ಹಿರಿಯರ ಸಹಾಯವಾಣಿ 14567 ಅಂತ ಒಂದು ನಂಬರೂ ಇದೆ. ವಿಶ್ವಾಸಿಗಳ ಮನೆಯಿಂದ ಆ ನಂಬರಿಗೆ ಒಂದು ಕರೆ ಹೋಗದಿರಲಿ.

ಕನ್ನಡ ಬೈಬಲ್ಲಿನಲ್ಲಿ ಐದನೇ ಆಜ್ಞೆಗೆ ಸನ್ಮಾನ ಅನ್ನುವ ಶಬ್ದ ಬಳಸಿದ್ದಾರೆ. ನಮಗೆ ಸನ್ಮಾನ ಅಂದ ಕೂಡಲೇ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಒಂದು ಫೋಟೋ. ಇಬ್ರಿಯ ಮೂಲದಲ್ಲಿ ಆ ಶಬ್ದ ತೂಕಕ್ಕೆ, ಭಾರಕ್ಕೆ ಸಂಬಂಧಪಟ್ಟದ್ದು. ತಾಯಿಯ ಮಾತಿಗೆ ತೂಕ ಕೊಡು. ಅವಳು ಮಾತಾಡುವಾಗ ಫೋನ್ ಕೆಳಗಿಡು. ಇನ್ನೊಂದು ಸಂಗತಿ, ಆ ಆಜ್ಞೆಯನ್ನು ಸೀನಾಯಿ ಬೆಟ್ಟದ ಕೆಳಗೆ ನಿಂತು ಕೇಳಿದವರು ಸಂಡೇ ಸ್ಕೂಲ್ ಮಕ್ಕಳಲ್ಲ. ಬೆಳೆದ ಗಂಡಸರು, ಹೆಂಗಸರು. ಅವರ ತಂದೆತಾಯಿಗಳು ಮುದುಕರು, ಮರಳುಗಾಡಿನಲ್ಲಿ ವೇಗವಾಗಿ ನಡೆಯಲಾಗದವರು. ಹಿಂದೆ ಉಳಿದುಹೋಗಬಹುದಾದವರನ್ನು ಬಿಟ್ಟು ಹೋಗಬೇಡಿ ಅನ್ನುವ ಅರ್ಥವೂ ಅದರಲ್ಲಿ ಇತ್ತು. ಯೇಸುವಂತೂ ಶಿಲುಬೆಯ ಮೇಲೆ ಉಸಿರು ಎಳೆಯುವುದೇ ಕಷ್ಟವಾಗಿದ್ದಾಗ ತಾಯಿಗೆ ಒಂದು ಮನೆ ನೋಡಿದರು. ಆ ಹೊತ್ತಿನಿಂದಲೇ ಶಿಷ್ಯನು ಮರಿಯಳನ್ನು ತನ್ನ ಮನೆಗೆ ಕರೆದುಕೊಂಡ. ಲೋಕರಕ್ಷಣೆಯ ಕೆಲಸ ನಡೀತಾ ಇತ್ತು, ಅದಕ್ಕಿಂತ ದೊಡ್ಡ ಸೇವೆ ಇನ್ನು ಯಾವುದಿದೆ?

ಮರೆವು ಬಂದ ತಾಯಿ

ನಿಮ್ಮಲ್ಲಿ ಒಂದಿಬ್ಬರ ಮನೆಯಲ್ಲಿ ಇದು ಈಗಾಗಲೇ ಶುರುವಾಗಿದೆ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳ್ತೇನೆ. ಅಮ್ಮ ಒಂದೇ ಪ್ರಶ್ನೆ ಹತ್ತು ಸಲ ಕೇಳುತ್ತಾರೆ. ಒಲೆಯ ಮೇಲೆ ಹಾಲು ಇಟ್ಟದ್ದು ಮರೆಯುತ್ತಾರೆ. ಊಟ ಮಾಡಿ ಅರ್ಧ ಗಂಟೆಗೆ ಊಟ ಹಾಕಲಿಲ್ಲ ಅನ್ನುತ್ತಾರೆ. ಪ್ರಾರ್ಥನೆ ಮಾಡಿ, ಖಂಡಿತ ಮಾಡಿ, ತಲೆಯ ಮೇಲೆ ಕೈಯಿಟ್ಟು ಮಾಡಿ. ಜೊತೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆ, ಇವುಗಳಿಂದಲೂ ಮರೆವು ಬರಬಹುದು, ಅವಕ್ಕೆ ಚಿಕಿತ್ಸೆ ಇದೆ. ಮರೆವನ್ನು ದುರಾತ್ಮ ಅಂತ ಗದರಿಸಬೇಡಿ. ಆ ತಾಯಿ ಹೆದರಿಕೊಳ್ಳುತ್ತಾಳೆ.

ಆಲ್ಝೈಮರ್ಸ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಇತ್ತೀಚಿನ ನೆನಪು. ಬೆಳಗ್ಗೆ ಏನು ತಿಂದರು ಗೊತ್ತಿಲ್ಲ, ಆದರೆ 50 ವರ್ಷದ ಹಿಂದೆ ಮದುವೆಗೆ ಉಟ್ಟ ಸೀರೆಯ ಅಂಚಿನ ಬಣ್ಣ ಹೇಳುತ್ತಾರೆ. ಹಾಡುಗಳು ಬಹಳ ಕಾಲ ಉಳಿಯುತ್ತವೆ. ಆದ್ದರಿಂದ "ನಾನು ಯಾರು ಹೇಳು ನೋಡೋಣ" ಅಂತ ಪರೀಕ್ಷೆ ಮಾಡಬೇಡಿ. ಉತ್ತರ ಬರದಿದ್ದರೆ ಅವರಿಗೆ ಎಷ್ಟು ಅವಮಾನ! "ಅಮ್ಮಾ, ನಾನು ನಿನ್ನ ಮಗಳು, ಬಂದಿದ್ದೀನಿ" ಅಂತ ನೀವೇ ಹೇಳಿ, ಪಕ್ಕದಲ್ಲಿ ಕೂತು ಅವರ ಹಳೇ ಹಾಡು ಒಂದು ಎತ್ತಿಕೊಳ್ಳಿ. ಎರಡನೇ ಸಾಲಿಗೆ ಅವರ ಧ್ವನಿ ಸೇರಿದರೂ ಸೇರಬಹುದು. ಅವರಿಗೆ ನೆನಪು ಹೋದರೂ ನಿಮಗೆ ಇದೆಯಲ್ಲ, ಅವರ ಮನೆಯನ್ನು ಅವರಿಗೆ ನೀವು ಹೇಳಿ. ಹಂಡೆ ಎಲ್ಲಿತ್ತು, ಕರು ಹಾಕಿದ ದಿನ ಯಾರು ಓಡಿ ಬಂದರು, ಎಲ್ಲ ಹೇಳಿ. ಮುಪ್ಪಿನ ತನಕ, ತಲೆ ನರೆಯುವ ತನಕ ತಾನೇ ಹೊರುತ್ತೇನೆ ಅಂತ ಯೆಶಾಯ 46ರಲ್ಲಿ ದೇವರು ಮಾತು ಕೊಟ್ಟಿದ್ದಾನೆ. ಎಷ್ಟೋ ಸಲ ಅವನು ಹೊರುವುದು ಮಕ್ಕಳ ಕೈಯಿಂದ.

ಕೆಲವರು ತಾಯಿಯನ್ನು ಬೆಂಗಳೂರಿಗೆ ಕರೆದುಕೊಂಡು ಬಂದಿದ್ದೀರಿ. ಒಳ್ಳೆಯದು. ಆದರೆ ಒಂಬತ್ತನೇ ಮಹಡಿಯಲ್ಲಿ ಬಾಗಿಲು ಮುಚ್ಚಿಕೊಂಡು, ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಟಿ.ವಿ. ಎದುರು ಕೂರುವುದು ಅವರಿಗೆ ಮನೆ ಆಗುವುದಿಲ್ಲ. ಮನೆ ಅಂದರೆ ಅವರಿಗೆ ಯಾರಿಗಾದರೂ ಬಡಿಸುವ ಜಾಗ. ಮೂಲೆ ಸವೆದ ಆ ಹಳೇ ಮಣೆ, ಅಳತೆಯ ಪಾವು, ಸೊಟ್ಟಾದ ಪಾತ್ರೆ, ಜಾಗ ಇಲ್ಲ ಅಂತ ಊರಲ್ಲೇ ಬಿಟ್ಟು ಬರಬೇಡಿ. ಅಡುಗೆಮನೆಯಲ್ಲಿ ಒಂದು ಶೆಲ್ಫ್ ಅವರದ್ದಾಗಿರಲಿ. ಸಭೆಯ ಯೌವನಸ್ಥರನ್ನು ನಾಲ್ಕು ಜನರನ್ನು ಊಟಕ್ಕೆ ಕರೆಯಿರಿ, ಅವರು ಎಷ್ಟು ಚುರುಕಾಗುತ್ತಾರೆ ನೋಡಿ.

ಸರಿ, ಈಗ ಕೆಲಸದ ಮಾತು. ಮುಂದಿನ ಶನಿವಾರ ಯೌವನಸ್ಥರ ಕೂಟ ಇರುವುದಿಲ್ಲ. ಹಾಲ್ ಬೀಗ ಹಾಕಿರುತ್ತೆ, ಬಂದು ಬಾಗಿಲು ತಟ್ಟಬೇಡಿ. ಊರಿಗೆ ಹೋಗಿ. ತಾಯಿ ಇಲ್ಲೇ ನಿಮ್ಮ ಜೊತೆ ಇದ್ದರೆ ಅವತ್ತು ಮನೆಯಲ್ಲೇ ಇರಿ. ತಾಯಿ ಕರ್ತನ ಬಳಿಗೆ ಹೋಗಿದ್ದರೆ, ಅವರ ತಂಗಿಯನ್ನೋ ಹಳೇ ನೆರೆಯವರನ್ನೋ ನೋಡಿ ಬನ್ನಿ. ಹೋದಾಗ "ಅಮ್ಮಾ ನಿನ್ನ ಜೀವನದ ಕಥೆ ಹೇಳು" ಅಂದರೆ ಅವರು "ನಂದೇನಪ್ಪಾ ಕಥೆ" ಅಂದುಬಿಡುತ್ತಾರೆ. ವಸ್ತು ಹಿಡಿದು ಕೇಳಿ. ಈ ಸ್ಟೀಲ್ ಡಬ್ಬಿ ಯಾವಾಗ ತಗೊಂಡದ್ದು, ಎಷ್ಟು ಕೊಟ್ಟೆ? ನನ್ನ ಕಾಲೇಜ್ ಫೀಸಿಗೆ ಯಾರ ಹತ್ತಿರ ಸಾಲ ಮಾಡಿದೆ? ನಿನ್ನ ಅಮ್ಮ ನಿನಗೆ ಏನು ಕಟ್ಟಿ ಕಳಿಸೋರು? ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರಿಗೆ ಹೇಳಿಯೇ ಮಾಡಿ. ಹಳೇ ಫೋಟೋಗಳ ಹಿಂದೆ ಯಾರು ಯಾರು ಅಂತ ಪೆನ್ಸಿಲಿನಲ್ಲಿ ಬರೆದುಕೊಳ್ಳಿ, ಪೆನ್ ಬೇಡ, ಮುಂದೆ ಮೂಡುತ್ತೆ. ಅಡುಗೆಯ ಅಳತೆ ಕೇಳಿದರೆ "ಒಂದ್ಹಿಡಿ, ಅಂದಾಜು" ಅನ್ನುತ್ತಾರೆ; ಆ ಹಿಡಿಯನ್ನೇ ಒಂದು ಲೋಟಕ್ಕೆ ಹಾಕಿಸಿ ಅಳೆದುಕೊಳ್ಳಿ.

ಅದರ ಮುಂದಿನ ಶನಿವಾರ ಸಂಜೆ ಆರಕ್ಕೆ ಸೇರೋಣ. ಹಾಡು ಎರಡೇ, ಪ್ರಸಂಗ ಇಲ್ಲ. ತಾಯಿಯಿಂದ ಕೇಳಿ ಬಂದದ್ದು ಒಂದೊಂದು ಹೇಳಬೇಕು, ಏಕವಚನದಲ್ಲಿ, ನಿಮ್ಮ ತಾಯಿಯದ್ದು ಮಾತ್ರ. ಚಟ್ನಿಪುಡಿ ಕಟ್ಟಿ ಕಳಿಸಿದ್ದರೆ ಅದನ್ನೂ ತನ್ನಿ, ಅನ್ನ ನಾವು ಮಾಡಿಸಿರ್ತೇವೆ. ಅಕ್ಕಿ ಅಳೆಯುವ ಅಕ್ಕನಿಗೆ ಒಂದು ಪಾವು ಜಾಸ್ತಿ ಹಾಕಲು ಹೇಳಿದ್ದೇನೆ.

ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.